ಹಲಸಿಗೆ ಹೆದರುತ್ತಿದ್ದ ಅವ್ವ

ಅವ್ವ ತೀರಿಕೊಂಡರು ಎಂದು ಮಾದೇವ ಫೋನಿನಲ್ಲಿ ಹೇಳಿದಾಗ ನಾನು ಪಿರಿಯಾಪಟ್ಟಣದ ಶಾಲೆಯಲ್ಲಿ ಹಾಜರಿ ಕರೆಯುತ್ತಿದ್ದೆ. "ಬೆಳಿಗ್ಗೆ ಕಾಫಿ ಕುಡುದ್ರು ಟೀಚ್ರಮ್ಮ. ಲೋಟ ಕೆಳಕ್ಕಿಟ್ರು. ಅಷ್ಟೇಯ," ಎಂದ. ಮಕ್ಕಳು ನನ್ನ ಮುಖ ನೋಡುತ್ತಿದ್ದವು. ಅವ್ವ ನನ್ನನ್ನು ಹೆತ್ತವರಲ್ಲ, ನೆಂಟರೂ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನಿ, ಮಾದೇವನ ತಾಯಿ. ಆದರೂ ಆ ದಿನ ಪಾಠ ಮಾಡಲು ನನ್ನಿಂದ ಆಗಲಿಲ್ಲ.

ಅಂತರಸಂತೆಯಿಂದ ಕಾಡಿನ ಕಡೆಗೆ ಹೋದರೆ ಬಸ್ಸು ತಿರುಗಿಸಿಕೊಳ್ಳುವ ಜಾಗದಲ್ಲಿ ಅವರ ಊರು. ಊರಾಚೆ ಹೊಲ, ಹೊಲದಾಚೆ ಆನೆ ಕಂದಕ, ಕಂದಕದಾಚೆ ಕಾಕನಕೋಟೆಯ ಕಾಡು. ನಾನು ಕೆ.ಆರ್. ನಗರದ ಕಡೆಯವಳು. ನಾಲೆ, ಭತ್ತದ ಗದ್ದೆ, ಕೊಕ್ಕರೆ, ಇಷ್ಟೇ ನನ್ನ ಪ್ರಪಂಚ. ಆನೆಯನ್ನು ಕ್ಯಾಲೆಂಡರಿನಲ್ಲಿ ನೋಡಿ ಕೈ ಮುಗಿದವಳು. ಅಲ್ಲಿಗೆ ಟೀಚರಾಗಿ ಹೋದಾಗ ಟ್ರಂಕು ಹಿಡಿದುಕೊಂಡು ಅವರ ಜಗಲಿಯ ಮುಂದೆ ನಿಂತೆ. ಅವರು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಬಾಡ್ಗೆ ಮಾತು ಆಮೇಕಾಯ್ತದೆ, ಮೊದ್ಲು ಕಾಲು ತೊಳ್ಕೊಳ್ಳಿ," ಎಂದರು. ತೊಳೆದುಕೊಂಡು ಬರುವಷ್ಟರಲ್ಲಿ ತಟ್ಟೆಯಲ್ಲಿ ಮುದ್ದೆ ಕೂತಿತ್ತು. ನಾನು ಮುದ್ದೆ ಮುರಿದು ಅಗಿಯತೊಡಗಿದ್ದನ್ನು ನೋಡಿ, "ಅಯ್ಯೋ ಶಿವನೇ, ಮುದ್ದೆ ಅಗುದು ತಿಂತದಲ್ಲಪ್ಪ ಈ ಉಡ್ಗಿ! ನುಂಗ್ಬೇಕು ಕಣವ್ವ," ಎಂದು ನಕ್ಕರು. ಬಹುವಚನ ಅಲ್ಲಿಗೇ ಮುಗಿಯಿತು. ಮಾರನೆಯ ದಿನದಿಂದ ನಾನು ಅವರಿಗೆ 'ಕಣವ್ವ', ಅವರು ನನಗೆ 'ಅವ್ವ'.

ಬೈಯುವುದು ಅವರಿಗೆ ಉಸಿರಾಡಿದಷ್ಟು ಸಲೀಸು. ಕೋಳಿಗೆ ಬೈಗುಳ, ಒಲೆಗೆ ಬೈಗುಳ, ಮೋಡ ಕಟ್ಟಿ ಸುರಿಯದೆ ಹೋದ ಆಕಾಶಕ್ಕೂ ಬೈಗುಳ. ಒಮ್ಮೆ ಬಸ್ಸಿನವನು ಕೈ ತೋರಿಸಿದರೂ ನಿಲ್ಲಿಸದೆ ಹೋಗಿದ್ದ. ಮಾರನೆಯ ದಿನ ಅವ್ವ ಸೆರಗು ಸಿಕ್ಕಿಸಿಕೊಂಡು ರಸ್ತೆಯ ನಟ್ಟನಡುವೆ ನಿಂತರು. "ನಿಮ್ಮಪ್ಪನ್ ಮನೆ ಬಸ್ಸೇನ್ಲಾ ಇದು? ಕಾಲು ನೋಯ್ತವೆ ಅಂತ ಬಸ್ಸಿಡಿಯೋದು, ನಿನ್ ಮಕ ನೋಡಕ್ಕಲ್ಲ!" ಅಂದಿನಿಂದ ಆ ಕಂಡಕ್ಟರ್, ಅವ್ವ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರೂ ತಲೆ ಹೊರಗೆ ಹಾಕಿ, "ಬತ್ತೀಯವ್ವಾ?" ಎಂದು ಕೂಗಿಯೇ ಸೀಟಿ ಊದುತ್ತಿದ್ದ. ಬಚ್ಚಲಿಗೆ ಬಂದ ಕೇರೆಹಾವನ್ನು ಕೋಲಿನ ತುದಿಯಲ್ಲೆತ್ತಿಕೊಂಡು, ಅದಕ್ಕೂ ಎರಡು ಮಾತು ಅಂದು, ಬೇಲಿಯಾಚೆ ಬಿಟ್ಟು ಬಂದಿದ್ದನ್ನು ನಾನೇ ನೋಡಿದ್ದೇನೆ. ನಾನು ಆಗ ಮಂಚದ ಮೇಲೆ ನಿಂತಿದ್ದೆ.

ಅಂಥವರು ಹೆದರುವುದುಂಟು ಎಂದು ನನಗೆ ಗೊತ್ತಾಗಿದ್ದು ಮುಂದಿನ ವರ್ಷದ ಮುಂಗಾರಿನಲ್ಲಿ. ಬೇಸಿಗೆ ರಜೆ ಮುಗಿದು ಶಾಲೆ ತೆರೆದಿತ್ತು. ಪಕ್ಕದ ಊರಿನ ಮಗುವೊಂದರ ತಂದೆ ಪ್ರೀತಿಯಿಂದ ಒಂದು ಹಲಸಿನ ಹಣ್ಣು ತಂದುಕೊಟ್ಟಿದ್ದರು. ಅದನ್ನು ಸೊಂಟದ ಮೇಲಿಟ್ಟುಕೊಂಡು, ಅವ್ವನಿಗೆ ಖುಷಿಯಾಗುತ್ತದೆ ಎಂದುಕೊಂಡು ಜಗಲಿಯ ಮುಂದಿನ ಹಟ್ಟಿಗೆ ಬಂದೆ. ಅವರು ಮೊರದಲ್ಲಿ ಅವರೆಬೀಜ ಕೇರುತ್ತಿದ್ದರು. ತಲೆ ಎತ್ತಲೂ ಇಲ್ಲ. ಮೂಗು ಮಾತ್ರ ಒಮ್ಮೆ ಅರಳಿತು. ಮೊರ ಕೈಜಾರಿ ಬೀಜ ಹಟ್ಟಿಯ ತುಂಬ ಚೆಲ್ಲಿತು. ಎರಡೂ ಕೈ ಗಡಗಡ ನಡುಗತೊಡಗಿದವು, ಹಣೆಯ ಮೇಲೆ ಬೆವರೊಡೆಯಿತು, ಬಾಯಿ ತೆರೆದರೂ ಮಾತು ಹೊರಡಲಿಲ್ಲ. ಎದ್ದವರೇ ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ಹೋಗಿ ಎಮ್ಮೆಯ ಮೈಗೆ ಮುಖ ಒತ್ತಿ ನಿಂತುಬಿಟ್ಟರು. ನಾನು ಕೂಗಿದ್ದಕ್ಕೆ ಹೊಲದಿಂದ ಓಡಿಬಂದ ಮಾದೇವ ನನ್ನ ಕೈಯಿಂದ ಹಣ್ಣು ಕಿತ್ತುಕೊಂಡು ಊರಾಚೆ ಒಯ್ದ. ಬಂದು ಹಟ್ಟಿಗೆ ಸಗಣಿ ನೀರು ಹಾಕಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿದ.

"ನಮ್ಮಪ್ಪನ್ನ ಆನೆ ತುಳುದದ್ದು ಗೊತ್ತಲ್ಲ ನಿಮ್ಗೆ," ಎಂದ ಮೆಲ್ಲಗೆ. "ಅವತ್ತಿಂದ ಅವ್ವಂಗೆ ಈ ವಾಸ್ನೆ ಆಗಾಕಿಲ್ಲ. ನಮ್ ಬೀದೀಲಿ ಯಾರೂ ಅಲಸಿನಣ್ಣ ಮನೆಗ್ ತರಾಕಿಲ್ಲ, ಒಲ್ದಲ್ಲೇ ತಿಂದು ಬತ್ತಾರೆ."

ಬೀದಿಗೆ ಬೀದಿಯೇ ಒಬ್ಬ ಹೆಂಗಸಿನ ಭಯಕ್ಕೆ ಜಾಗ ಬಿಟ್ಟುಕೊಟ್ಟಿತ್ತು. ಇದನ್ನು ಯಾರೂ ದೊಡ್ಡ ಮಾತಾಗಿ ಆಡುತ್ತಿರಲಿಲ್ಲ. ಕಾಡಂಚಿನ ಊರುಗಳಲ್ಲಿ ಹಲಸು ಮೊದಲೇ ತಂಟೆಯ ಮರ. ಹಣ್ಣಾದರೆ ಅದರ ವಾಸನೆ ಹಿಡಿದು ಆನೆ ಬರುತ್ತದೆ ಎಂದು ಎಳೆಗಾಯಿ ಇರುವಾಗಲೇ ಕೊಯ್ದು ಹಾಕುತ್ತಾರೆ. ಅವ್ವನ ಹಿತ್ತಲಿನಾಚೆ ಹೊಲದ ಬದುವಿನಲ್ಲೂ ಒಂದು ಮರವಿತ್ತು. ಗಂಡ ಸತ್ತ ಮೇಲೆ ಅದನ್ನು ಕಡಿಸಿಬಿಡಿ ಎಂದು ಊರೆಲ್ಲ ಹೇಳಿದರೂ ಅವರು ಒಪ್ಪಿರಲಿಲ್ಲ. ಮಾದೇವ ಪ್ರತಿ ವರ್ಷ ಏಣಿ ಹಾಕಿ ಕಾಯಿ ಇಳಿಸುತ್ತಿದ್ದ.

ಆನೆಯನ್ನು ಕಂಡರೆ ಇನ್ನೆಷ್ಟು ಹೆದರುತ್ತಾರೋ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಆ ಲೆಕ್ಕ ತಪ್ಪಾಯಿತು. ದಸರೆಗೆ ಹೊರಡುವ ಆನೆಗಳನ್ನು ನೋಡಬೇಕು, ಹುಣಸೂರಿನ ಕಡೆಗೆ ಕರೆದುಕೊಂಡು ಹೋಗು ಎಂದು ಅವರೇ ಗಂಟುಬಿದ್ದರು. ಸೆರಗಿನಲ್ಲಿ ಬೆಲ್ಲದ ಅಚ್ಚು ಕಟ್ಟಿಕೊಂಡು ಬಂದಿದ್ದರು. ಜನರ ನಡುವೆ ನುಗ್ಗಿ ಮಾವುತನನ್ನು ಮಾತಾಡಿಸಿ, ಅವನು ಹೂಂ ಎಂದ ಮೇಲೆ, ಸೊಂಡಿಲಿಗೆ ಬೆಲ್ಲ ಕೊಟ್ಟು ಅದನ್ನು ತಟ್ಟಿದರು. "ಸಣ್ಣಗಾಗಿದೀಯಲ್ಲೋ, ಒಟ್ಟೆಗೆ ಆಕ್ತಾರೋ ಇಲ್ವೋ?" ಎಂದು ವಿಚಾರಿಸಿಕೊಂಡರು. ಇಷ್ಟೂ ಹೊತ್ತು ವಿದ್ಯಾವಂತಳಾದ ನಾನು ಜೀಪಿನ ಹಿಂದೆ ಬಚ್ಚಿಟ್ಟುಕೊಂಡಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, "ಅಲ್ಲ ಅವ್ವ, ನಿಮಗೆ ಆನೆ ಕಂಡರೆ ಭಯ ಇಲ್ಲವಾ?"

ಅವರು ಸೆರಗಿನಲ್ಲಿ ಉಳಿದಿದ್ದ ಬೆಲ್ಲದ ಪುಡಿ ಕೊಡವಿದರು. "ಆನೆಯ ನಾನು ನೋಡ್ಲೇ ಇಲ್ವಲ್ಲ ಕಣವ್ವ. ಸಂಜೆ ಅವ್ರು ನಮ್ ಮರದ್ದೇ ಅಣ್ಣು ಕಿತ್ತು ತಂದ್ರು. ಕೈಗೆ ಅಳ್ಳೆಣ್ಣೆ ಅಚ್ಗೊಂಡು ನಾನು ತೊಳೆ ಬುಡುಸ್ತಾ ಕುಂತಿದ್ದೆ. ಮಗೀಗೆ ತಿನ್ಸಂಗೆ ಅವ್ರ ಬಾಯ್ಗೆ ನಾಕು ಆಕ್ದೆ. ಇನ್ನೊಂದ್ ಗಳ್ಗೆ ಒಲ ನೋಡ್ಕಂಡ್ ಬತ್ತೀನಿ, ಉಳಿದದ್ದು ಬುಡ್ಸಿಡು ಅಂತ ಯೋಳಿ ಓದ್ರು. ನಾನು ಬುಡುಸ್ತಾನೇ ಇದ್ದೆ. ಬದೀನ್ ತಾವ್ಲಿಂದ ಅವ್ರು ಕೂಗಿದ್ದು ಕೇಳುಸ್ತು. ಕೈ ತುಂಬ ಅಣ್ಣು. ಅಷ್ಟೇ ನಂಗೆ ಗೊತ್ತಿರದು."

ಹಾವು ಕಚ್ಚಿದವನು ಹಗ್ಗಕ್ಕೂ ಹೆದರುತ್ತಾನೆ ಎನ್ನುತ್ತಾರೆ. ಹಾವಿಗೂ ಹಗ್ಗಕ್ಕೂ ರೂಪದಲ್ಲಾದರೂ ಹೋಲಿಕೆಯಿದೆ. ಆನೆಗೂ ಹಲಸಿನ ತೊಳೆಗೂ ಏನು ಸಂಬಂಧ? ಆ ಗಳಿಗೆಯಲ್ಲಿ ಅವರ ಕೈಯಲ್ಲಿದ್ದುದು, ಮೂಗಿನಲ್ಲಿದ್ದುದು ಅದೊಂದೇ. ಭಯ ಹುಟ್ಟಿದ್ದು ಬದುವಿನ ಹತ್ತಿರ, ಅಂಟಿಕೊಂಡಿದ್ದು ಹಣ್ಣಿಗೆ. ಕೈಗೆ ಹತ್ತಿದ ಮೇಣವನ್ನು ಎಣ್ಣೆ ಹಚ್ಚಿ ತೆಗೆಯಬಹುದು, ಇದನ್ನು ತೆಗೆಯುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದು ಅವರನ್ನು ಸುಡುತ್ತಿದ್ದುದು ನಾವೆಣಿಸಿದ ಕಾರಣಕ್ಕಲ್ಲ. ಗಂಡನ ವರ್ಷದ ಎಡೆ ಬರುತ್ತಿದ್ದುದು ಹಲಸಿನ ಕಾಲದಲ್ಲೇ. ನಮ್ಮ ಕಡೆ ಸತ್ತವರಿಗೆ ಏನು ಇಷ್ಟವೋ ಅದನ್ನೆಲ್ಲ ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಕೂರುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಅವ್ವ ಮುದ್ದೆ, ನಾಟಿಕೋಳಿ ಸಾರು, ಒಬ್ಬಟ್ಟು, ಬೀಡಿ ಕಟ್ಟು, ಬೆಂಕಿಪೊಟ್ಟಣ ಎಲ್ಲ ಇಡುತ್ತಿದ್ದರು. ಹಲಸಿನ ಹಣ್ಣು ಮಾತ್ರ ಇಲ್ಲ. ಅದಕ್ಕಿಂತ ಗಂಡನಿಗೆ ಇಷ್ಟವಾದುದು ಇನ್ನೊಂದಿರಲಿಲ್ಲ. 'ಹಸಿದು ಹಲಸು, ಉಂಡು ಮಾವು' ಎಂಬ ಗಾದೆ ಹೇಳಿಕೊಂಡು, ಹಲಸಿನ ಕಾಲ ಮುಗಿಯುವ ತನಕ ಮಧ್ಯಾಹ್ನದ ಊಟವನ್ನೇ ಬಿಡುತ್ತಿದ್ದ ಆಸಾಮಿಯಂತೆ. ಒಂದು ವರ್ಷ ಮಾದೇವ ತಾನೇ ನಾಲ್ಕು ತೊಳೆ ತಂದಿಟ್ಟು ನೋಡಿದ್ದ. ಅವ್ವ ಎಡೆಯ ನಡುವೆಯೇ ಎದ್ದು ಹೊಲಕ್ಕೆ ಓಡಿಹೋಗಿದ್ದರು.

"ಬಂದು ಕುಂತು ಅಣ್ಣೆಲ್ಲಿ ಅಂತ ನೋಡ್ತಾರೆ ಕಣವ್ವ," ಎಂದು ಒಂದು ಸಂಜೆ ಅತ್ತರು. ಅವರು ಅತ್ತಿದ್ದನ್ನು ನಾನು ಮೊದಲು ನೋಡಿದ್ದು ಅಂದು. "ಉಳಿದದ್ದು ಬುಡ್ಸಿಡು ಅಂದಿದ್ರು. ಅದೇ ಅವ್ರು ಕೇಳಿದ ಕಡೇ ಮಾತು. ನನ್ ಕೈಯಾರ ಬುಡ್ಸಿಟ್ರೆ ತಾನೆ ಅವ್ರು ಮುಟ್ಟೋದು? ಈ ಆಳ್ ಮೈಯಿ ಬುಡಾಕಿಲ್ಲ. ಬುದ್ಧಿಗೆ ಗೊತ್ತದೆ ಬರೀ ಅಣ್ಣು ಅಂತವ. ಮೈಗೆ ಗೊತ್ತಾಗಾಕಿಲ್ಲ."

ಆಗ ನನಗೆ ಟೀಚರ್ ಟ್ರೈನಿಂಗ್‌ನಲ್ಲಿ ಉರು ಹೊಡೆದಿದ್ದ ಪಾಠ ನೆನಪಾಯಿತು. ಊಟ ಕೊಡುವಾಗಲೆಲ್ಲ ಗಂಟೆ ಬಾರಿಸಿದರೆ, ಕೊನೆಗೆ ಬರೀ ಗಂಟೆಗೇ ನಾಯಿಯ ಬಾಯಲ್ಲಿ ನೀರೂರುತ್ತದೆ. ಹೆದರಿಕೆಯನ್ನೂ ಮೈ ಹೀಗೇ ಕಲಿಯುತ್ತದೆ. ಗಂಟೆ ಬಾರಿಸುತ್ತ ಊಟ ಕೊಡದೇ ಹೋದರೆ ಕಲಿತದ್ದು ನಿಧಾನಕ್ಕೆ ಸಡಿಲವಾಗುತ್ತದೆ. ಹೆದರಿಕೆಯಾದರೆ ದೂರದಿಂದ ಶುರುಮಾಡಿ, ಮನಸ್ಸಿಗೆ ಹಿತವಾದುದರ ಜೊತೆಯಲ್ಲಿ, ಸ್ವಲ್ಪ ಸ್ವಲ್ಪವೇ ಹತ್ತಿರ ತರಬೇಕು. ಇದನ್ನೆಲ್ಲ ಬಿಸಿಯೂಟದ ಗಂಟೆಯ ಉದಾಹರಣೆ ಕೊಟ್ಟು ವಿವರಿಸಿದೆ.

ಅವರು ಅಡಿಕೆ ಕತ್ತರಿಸುತ್ತ ಪೂರ್ತಿ ಕೇಳಿಸಿಕೊಂಡರು. "ಅಂದ್ರೆ ನನ್ನ ನಾಯಿ ಮಾಡ್ದೆ," ಎಂದರು. ಆಮೇಲೆ, "ಆಗ್ಲಿ ಬುಡು. ಅವ್ರಿಗೋಸ್ಕರ ನಾಯಿ ಆಯ್ತೀನಿ."

ಶುರುವಾಯಿತು ನಮ್ಮ ಪಾಠ. ಅವರಿಗೆ ಹಿತವಾದುದೆಂದರೆ ಎಲೆ ಅಡಿಕೆ, ಜೊತೆಗೆ ಊರ ಸುದ್ದಿ. ನಾವಿಬ್ಬರೂ ಜಗಲಿಯ ಮೇಲೆ ಕೂತು ಯಾರ ಮನೆಯ ಸೊಸೆ ತವರಿಗೆ ಹೋದಳು, ಯಾರ ಹಸು ಯಾರ ಹೊಲ ಮೇಯ್ತು ಎಂದು ಮಾತಾಡುವುದು. ಬೀದಿಯ ತುದಿಯ ನಲ್ಲಿಕಟ್ಟೆಯ ಹತ್ತಿರ ಮಾದೇವ ಹಣ್ಣು ಹಿಡಿದುಕೊಂಡು ನಿಲ್ಲುವುದು. ಅವ್ವ ಕೈಯೆತ್ತಿದರೆ ಒಂದು ಮನೆಯಷ್ಟು ಹತ್ತಿರ ಬರುವುದು, ಕೈ ನಡುಗಿದರೆ ಹಿಂದಕ್ಕೆ. ಬೀದಿಯವರಿಗೆಲ್ಲ ಬಿಟ್ಟಿ ಮನರಂಜನೆ. "ಮಾದೇವ ಮದ್ವೆಗಂಡು ಕರ್ಕಂಬಂದಂಗೆ ಅಣ್ಣು ತತ್ತಾವ್ನೆ ಕಣ್ರಪ್ಪೋ," ಎಂದು ಎದುರುಮನೆಯವರು ನಗುತ್ತಿದ್ದರು. ಅವ್ವ ಅವರಿಗೂ ನಾಲ್ಕು ಬೈದು, ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚುವ ಬೆರಳು ನಡುಗುವುದು ನನಗೆ ಕಾಣುತ್ತಿತ್ತು.

ಒಂದು ತೊಡಕಿತ್ತು. ಹಲಸು ವರ್ಷವಿಡೀ ಸಿಗುವುದಿಲ್ಲ. ಆ ಸಲ ಹಣ್ಣು ಎದುರುಮನೆಯ ಜಗಲಿಯವರೆಗೆ ಬಂದಿತ್ತು, ಅಷ್ಟರಲ್ಲಿ ಕಾಲ ಮುಗಿಯಿತು. ಮುಂದಿನ ವರ್ಷ ಮತ್ತೆ ನಲ್ಲಿಕಟ್ಟೆಯಿಂದಲೇ ಶುರುಮಾಡಬೇಕಾಯಿತು. ಬಿಡುವು ಸಿಕ್ಕಾಗ ಭಯವೂ ಸುಧಾರಿಸಿಕೊಂಡು ಎದ್ದು ಕೂರುತ್ತದೆ ಎಂದು ನನ್ನ ಪುಸ್ತಕದಲ್ಲೂ ಇತ್ತು, ನಾನು ಆ ಪುಟವನ್ನು ಅಷ್ಟು ಗಮನವಿಟ್ಟು ಓದಿರಲಿಲ್ಲ. ನಡುವೆ ನನಗೆ ಪಿರಿಯಾಪಟ್ಟಣಕ್ಕೆ ವರ್ಗವಾಯಿತು. ಆದರೂ ಹಲಸಿನ ಕಾಲದಲ್ಲಿ ಪ್ರತಿ ಭಾನುವಾರ ಬಸ್ಸು ಹಿಡಿದು ಹೋಗುತ್ತಿದ್ದೆ. ಮನೆಯಲ್ಲಿ ಗಂಡ, "ಏನು, ಇವತ್ತೂ ಹಣ್ಣಿನ ಮೆರವಣಿಗೆಯಾ?" ಎಂದು ರೇಗಿಸುತ್ತಿದ್ದರು.

ಹಣ್ಣು ಹಟ್ಟಿಗೆ ಬಂತು. ಆಮೇಲೊಂದು ವರ್ಷ ಜಗಲಿಗೆ ಬಂತು. ಆಮೇಲೆ ಅವ್ವ ಮೂಗಿಗೆ ಸೆರಗು ಹಿಡಿದುಕೊಂಡೇ ಅದರ ಮುಳ್ಳಿನ ಮೇಲೆ ಬೆರಳಾಡಿಸಿದರು.

ಕೊನೆಗೆ ಎಡೆಯ ದಿನ ಬಂತು. ಅಂದು ಅವರು ಬೆಳಿಗ್ಗೆಯಿಂದ ಯಾರನ್ನೂ ಬೈಯಲಿಲ್ಲ. ತಲೆಗೆ ಸ್ನಾನ ಮಾಡಿ, ಕೈಗೆ ಹರಳೆಣ್ಣೆ ಸವರಿಕೊಂಡು, ಮಚ್ಚಿನಿಂದ ಹಣ್ಣನ್ನು ತಾವೇ ಸೀಳಿದರು. ವಾಸನೆ ಮನೆಯೆಲ್ಲ ತುಂಬಿತು. ನಾನೂ ಮಾದೇವನೂ ಬಾಗಿಲ ಬಳಿ ನಿಂತಿದ್ದೆವು. ಅವರು ಒಂದೊಂದೇ ತೊಳೆ ಬಿಡಿಸಿ ಬೀಜ ತೆಗೆದು ಎಲೆಯ ಮೇಲಿಟ್ಟರು. ಕೈ ಅಲುಗಲಿಲ್ಲ. ಧೂಪ ಹಾಕಿ, ಬಾಗಿಲೆಳೆದುಕೊಂಡು, ಎಲ್ಲರೂ ಜಗಲಿಯ ಮೇಲೆ ಕೂತೆವು. ಮಾದೇವ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ನನಗೂ ಗೆದ್ದಷ್ಟು ಸಂತೋಷವಾಗಿತ್ತು. ಅವ್ವನ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ.

ಎಲ್ಲರೂ ಉಂಡೆದ್ದ ಮೇಲೆ ಹಿತ್ತಲಿನಲ್ಲಿ ನನ್ನ ಪಕ್ಕ ಬಂದು ಕೂತರು.

"ಏನೂ ಆಗ್ನಿಲ್ಲ ಕಣವ್ವ," ಎಂದರು.

"ಒಳ್ಳೆಯದಾಯಿತಲ್ಲ ಅವ್ವ."

"ಒಳ್ಳೇದೇಯ." ಅಂಗೈ ತಿರುಗಿಸಿ ನೋಡಿಕೊಂಡರು. "ನಿಂಗೊಂದು ಮಾತು ಯೋಳ್ನಿಲ್ಲ ನಾನು. ನಮ್ಮೋರು ಯಾವತ್ತೂ ನನ್ನ ಎಸ್ರಿಡುದು ಕರುದೋರಲ್ಲ. ಲೇ ಅನ್ನೋರು, ಇಲ್ದಿದ್ರೆ ಮಾದೇವನವ್ವ ಅನ್ನೋರು. ನಮ್ ಕಡೆ ಯಾವ್ ಗಂಡ್ಸು ಎಂಡ್ತಿ ಎಸ್ರು ಯೋಳ್ತಾನೆ ಯೋಳು? ಅವತ್ತು ಬದೀನ್ ತಾವ್ಲಿಂದ ಕೂಗುದ್ರಲ್ಲ, ನನ್ನ ಎಸ್ರಿಡ್ದು ಕೂಗುದ್ರು. ಅದೊಂದೇ ಸಲ. ಆ ವಾಸ್ನೆ ಬಂದಾಗೆಲ್ಲ ಮೈ ನಡುಗೋದು, ಎದೆ ಒಡೆಯೋದು, ಅದ್ರೊಳಗೆ ಅವ್ರ ದನಿ ಕೇಳೋದು. ನನ್ನೆಸ್ರು ಕೇಳೋದು. ಇವತ್ತು ಅಣ್ಣು ಬುಡುಸ್ತಾ ಕಿವಿ ಕೊಟ್ಟು ಕುಂತಿದ್ದೆ. ಕೇಳ್ನಿಲ್ಲ. ಬರೀ ಅಣ್ಣಾಗೋಗದೆ ಅದು."

ಪುಸ್ತಕದಲ್ಲಿ ಇದರ ಪಾಠ ಇರಲಿಲ್ಲ. ಅವರ ಎಣ್ಣೆಗೈಯನ್ನು ಹಿಡಿದುಕೊಂಡು ಕೂತೆ. ಆ ದನಿಯನ್ನು ಅವರಿಂದ ಕಸಿದವಳು ನಾನೇ ಎಂದು ಈಗಲೂ ಅನ್ನಿಸುತ್ತದೆ.

ಆಮೇಲಿನ ವರ್ಷಗಳಲ್ಲಿ ಎಡೆಯ ಮೇಲೆ ಹಲಸು ತಪ್ಪಲಿಲ್ಲ. ಬೀದಿಯವರು ಹಣ್ಣನ್ನು ಮನೆಗೆ ತಂದು ತಿನ್ನತೊಡಗಿದರು. ಅವ್ವನನ್ನು ಗುಣಮಾಡಿದ ಟೀಚರು ಎಂದು ಮಾದೇವ ನನ್ನನ್ನು ಎಲ್ಲರಿಗೂ ಪರಿಚಯಿಸುತ್ತಿದ್ದ. ಅವ್ವ ಮಾತ್ರ ಹಲಸಿನ ಕಾಲ ಬಂತೆಂದರೆ ಯಾರ ಮನೆಯಲ್ಲಿ ಹಣ್ಣು ಕೊಯ್ದರೂ ಅಲ್ಲಿ ಹೋಗಿ ಕೂರುತ್ತಿದ್ದರು. ಒಂದು ತೊಳೆ ಇಸಿದುಕೊಂಡು ಮೂಗಿಗೆ ಹಿಡಿಯುವರು, ಕಣ್ಣು ಮುಚ್ಚುವರು, ಸ್ವಲ್ಪ ಹೊತ್ತಿಗೆ ಅದನ್ನು ಪಕ್ಕದ ಮಗುವಿನ ಕೈಗಿಟ್ಟು ಎದ್ದು ಬರುವರು. ಮುದುಕಿಗೆ ಈಗ ಹಲಸಿನ ಚಪಲ ಎಂದು ಜನ ನಗುತ್ತಿದ್ದರು. ನಾನು ಕಣ್ಣಲ್ಲೇ ಕೇಳುತ್ತಿದ್ದೆ. ಅವರು ಇಲ್ಲ ಎಂದು ತಲೆಯಾಡಿಸುತ್ತಿದ್ದರು.

ಈ ನಡುವೆ ಒಂದೆರಡು ವರ್ಷ ನನಗೆ ಹೋಗಲಾಗಲಿಲ್ಲ. ಅವರೂ ಹಾಸಿಗೆ ಹಿಡಿದು ಮನೆ ಬಿಟ್ಟು ಹೊರಡದಂತಾದರು, ಹಣ್ಣು ಮೂಸುವುದೂ ನಿಂತಿತು. ಈ ಸಲ ಶಾಲೆ ತೆರೆದ ವಾರ, ಅವ್ವ ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ, ಮಾದೇವ ಫೋನ್ ಮಾಡಿ, "ಅನ್ನ ಬ್ಯಾಡ ಅಂತಾವ್ರೆ. ಟೀಚ್ರಮ್ಮನ ಅಲಸಿನಣ್ಣು ತಕ್ಕಂಬರಕ್ ಯೋಳು ಅಂತಾವ್ರೆ," ಎಂದ. ಹುಣಸೂರು ಸಂತೆಯಲ್ಲಿ ಮೂಸಿ ನೋಡಿ ಒಂದು ಹಣ್ಣು ತೆಗೆದುಕೊಂಡು ಹೋದೆ. ಅವ್ವ ಮಂಚದಲ್ಲಿ ಇಷ್ಟೇ ಇಷ್ಟಾಗಿದ್ದರು. ದಿಂಬಿಗೊರಗಿಸಿ ಕೂರಿಸಿದೆವು. ಮಾದೇವ ತೊಳೆ ಬಿಡಿಸಿ ಕೈಗಿಟ್ಟ.

ಎಂದಿನಂತೆ ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಬೆರಳು ಸಣ್ಣಗೆ ಅದುರಿತು. ಮುಪ್ಪಿನ ಕೈ ಎಂದುಕೊಂಡೆ. ಅದುರು ಮೊಣಕೈಗೆ ಏರಿ, ಭುಜಕ್ಕೆ ಏರಿ, ಮೈಯೆಲ್ಲ ನಡುಗತೊಡಗಿತು. ಹಣೆಯ ಮೇಲೆ ಬೆವರೊಡೆಯಿತು. ಅಂದು ಮೊರ ಚೆಲ್ಲಿದ ದಿನ ನೋಡಿದ್ದೆನಲ್ಲ, ಅದೇ ಮುಖ.

"ಅಯ್ಯೋ, ಮತ್ತೆ ಬಂತು!" ಎಂದು ಮಾದೇವ ಹಣ್ಣು ಕಿತ್ತುಕೊಳ್ಳಲು ಮುಂದೆ ಬಂದ.

"ಬುಡ್ಲಾ," ಎಂದರು ಅವ್ವ, ತೊಳೆಯನ್ನು ಎರಡೂ ಕೈಯಿಂದ ಮುಖಕ್ಕೆ ಒತ್ತಿಕೊಂಡು. "ಮಾತಾಡ್ಬ್ಯಾಡ. ಕರೀತಾವ್ರೆ."

ಮಾದೇವ ಏನೂ ಅರ್ಥವಾಗದೆ ಮತ್ತೆ ಕೈ ಚಾಚಿದ. ನಾನು ಅವನ ಕೈ ಹಿಡಿದುಕೊಂಡೆ.